ಶಾಲೆ ತೆರೆಯುವ ಮುನ್ನ ಪಾಠದ ಕೋಣೆಯನ್ನು ಸಿದ್ಧಗೊಳಿಸುವ ಬಗೆ



ಮುಂಗಾರಿನ ಕೆಲಸ ಯಾವಾಗ ಪ್ರಾರಂಭವಾಗುತ್ತದೆ ಎಂದು ಕೇಳಿದರೆ, ಮೊದಲ ಹದ ಮಳೆ ಬಿದ್ದ ದಿನ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೆ ಮುಂಚೆಯೇ ತಿಪ್ಪೆಯ ಗೊಬ್ಬರ ಹೊಲ ಸೇರಿರುತ್ತದೆ. ನೇಗಿಲು ಕುಂಟೆಗಳ ರಿಪೇರಿ ಮುಗಿದಿರುತ್ತದೆ. ಬಿತ್ತನೆಯ ರಾಗಿ ಹಸನಾಗಿರುತ್ತದೆ. ಹೊಗೆಸೊಪ್ಪಿನ ಸಸಿ ನಾಟಿಗೆ ಬಂದಿರುತ್ತದೆ. ಸಿದ್ಧತೆ ಇಲ್ಲದವನಿಗೆ ಮಳೆ ಬಂದೂ ಪ್ರಯೋಜನವಿಲ್ಲ.

ಊರಿನ ಶಾಲೆಯ ಮಾತೂ ಹೀಗೆಯೇ. ಮೇ ತಿಂಗಳ ಕೊನೆಯ ವಾರದಲ್ಲಿ, ರೋಹಿಣಿ ಮಳೆಯ ಹೊತ್ತಿಗೆ ಸರಿಯಾಗಿ, ಶಾಲೆಯ ಬಾಗಿಲು ತೆರೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಅದು ಹೊಗೆಸೊಪ್ಪಿನ ನಾಟಿಯ ಸಮಯ. ಕೃಷ್ಣರಾಜನಗರದ ಕಡೆಯವರು ನಾಲೆಯ ನೀರನ್ನು ಎದುರು ನೋಡುವ ಸಮಯ. ಎಲ್ಲರ ಕಣ್ಣೂ ಹೊಲಗದ್ದೆಯ ಮೇಲಿರುವಾಗ, ಒಂದೂವರೆ ತಿಂಗಳು ಬೀಗ ಹಾಕಿದ್ದ ಶಾಲೆಯ ಕೋಣೆಯ ನೆನಪು ಯಾರಿಗೂ ಇರುವುದಿಲ್ಲ. ಮಕ್ಕಳು ಮೊದಲ ದಿನ ಹೋದರೆ ಧೂಳು, ಜೇಡರ ಬಲೆ, ಸೋರುವ ಮಾಡು. ಹದಿನೈದು ದಿನ ಗುಡಿಸುವುದರಲ್ಲಿ, ಹುಡುಕುವುದರಲ್ಲಿ ಕಳೆಯುತ್ತದೆ. ಈ ಹದಿನೈದು ದಿನಗಳನ್ನು ಉಳಿಸುವುದು ಹೇಗೆ, ಅದರಲ್ಲಿ ಗ್ರಾಮಸ್ಥರು ಮಾಡತಕ್ಕ ಕೆಲಸ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದೆ.

ಕೋಣೆಯ ವ್ಯವಸ್ಥೆ ಏಕೆ ಮುಖ್ಯ?

ನಮ್ಮ ಅನೇಕ ಹಳ್ಳಿಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆಯೆಂದರೆ ಎರಡು ಕೋಣೆ, ಇಬ್ಬರು ಮೇಷ್ಟರು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ೬೦ ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಇರತಕ್ಕದ್ದು. ತರಗತಿಗಳು ಐದು, ಮೇಷ್ಟರು ಇಬ್ಬರು. ಆದುದರಿಂದ ಒಬ್ಬ ಮೇಷ್ಟರು ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಯ ಮಕ್ಕಳನ್ನು ನೋಡಿಕೊಳ್ಳಲೇಬೇಕಾಗುತ್ತದೆ. ಅವರು ಒಂದು ಗುಂಪಿಗೆ ಪಾಠ ಹೇಳುತ್ತಿರುವಾಗ ಉಳಿದ ಮಕ್ಕಳು ತಾವೇ ಕೆಲಸ ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಳ್ಳಬೇಕಾದರೆ ಅವರಿಗೆ ಬೇಕಾದ ವಸ್ತು ಎಲ್ಲಿದೆಯೆಂದು ಗೊತ್ತಿರಬೇಕು, ಅದು ಅವರ ಕೈಗೆ ಎಟುಕಬೇಕು. ಚೆನ್ನಾಗಿ ಜೋಡಿಸಿದ ಕೋಣೆ ಇನ್ನೊಬ್ಬ ಮೇಷ್ಟರಿದ್ದ ಹಾಗೆ. ಅಸ್ತವ್ಯಸ್ತವಾದ ಕೋಣೆಯಲ್ಲಿ ಇರುವ ಮೇಷ್ಟರ ಹೊತ್ತೂ ಹಾಳು.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಮಗು ತನ್ನ ಪುಸ್ತಕವನ್ನೋ ಕಾರ್ಡನ್ನೋ ಹುಡುಕಲು ಒಂದು ಸಲಕ್ಕೆ ೫ ನಿಮಿಷ ಕಳೆಯುತ್ತದೆಂದು ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಸಲ ಹುಡುಕಿದರೆ ೨೦ ನಿಮಿಷ. ಅದೇ ಕಾಯಿದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ ೨೦೦ ದಿನ, ೮೦೦ ಗಂಟೆ ಪಾಠ ನಡೆಯಬೇಕು. ಅಂದರೆ ದಿನಕ್ಕೆ ೪ ಗಂಟೆ. ದಿನಕ್ಕೆ ೨೦ ನಿಮಿಷದಂತೆ ೨೦೦ ದಿನಕ್ಕೆ ೪,೦೦೦ ನಿಮಿಷ, ಎಂದರೆ ೬೬ ಗಂಟೆಗಿಂತ ಹೆಚ್ಚು. ವರ್ಷದಲ್ಲಿ ಹದಿನಾರು ದಿನ ಶಾಲೆಗೆ ಬೀಗ ಹಾಕಿದಷ್ಟು ನಷ್ಟ. ಹೊಲದಲ್ಲಿ ಕಾಲುವೆಯ ನೀರು ಹೀಗೆ ಸೋರಿಹೋದರೆ ಯಾರೂ ಸುಮ್ಮನಿರುವುದಿಲ್ಲ.

ಇನ್ನೊಂದು ಮಾತು. ಪೇಟೆಯ ಶಾಲೆಗಳ ವ್ಯಾನು ಈಗ ಹಳ್ಳಿಯ ಬಾಗಿಲಿಗೇ ಬರುತ್ತದೆ. ಮಗುವನ್ನು ಊರ ಶಾಲೆಗೆ ಸೇರಿಸುವುದೋ, ವ್ಯಾನು ಹತ್ತಿಸುವುದೋ ಎಂದು ತಂದೆತಾಯಿ ತೂಗಿ ನೋಡುವುದು ಇದೇ ದಿನಗಳಲ್ಲಿ. ಅವರು ಮೊದಲು ನೋಡುವುದು ಕೋಣೆಯನ್ನು. ಮಕ್ಕಳು ಕಡಿಮೆಯಾಗುತ್ತ ಹೋದರೆ ಮೇಷ್ಟರ ಸಂಖ್ಯೆ ಇಳಿಯುತ್ತದೆ. ಕೊನೆಗೆ ಶಾಲೆ ಉಳಿಯುವುದೇ ಕಷ್ಟ. ವ್ಯಾನಿಗೆ ಹಣ ಕಟ್ಟಲಾರದವರ ಮಕ್ಕಳಿಗೆ ಆಗ ಗತಿ ಯಾವುದು?

ಕೋಟೆ ತಾಲ್ಲೂಕು ತೋರಿಸಿದ ದಾರಿ

ಒಂದು ಕೋಣೆಯಲ್ಲಿ ಹಲವು ತರಗತಿಗಳನ್ನು ನಡೆಸುವ ವಿದ್ಯೆಯನ್ನು ನಾವು ದೂರದಿಂದ ಕಲಿಯಬೇಕಾಗಿಲ್ಲ. ಇಡೀ ಕರ್ನಾಟಕಕ್ಕೆ ಅದನ್ನು ಕಲಿಸಿದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕು. ೧೯೯೫ರಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ ಎಂಬ ಪದ್ಧತಿ ಪ್ರಾರಂಭವಾದದ್ದು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ. ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪವಿರುವ ಋಷಿವ್ಯಾಲಿಯವರು ತಮ್ಮ ಸುತ್ತಲಿನ ಹಳ್ಳಿಗಳ ಸಣ್ಣ ಶಾಲೆಗಳಲ್ಲಿ ಇಂತಹ ಕ್ರಮವನ್ನು ನಡೆಸುತ್ತಿದ್ದರು. ಕೋಟೆಯ ಉಪಾಧ್ಯಾಯರು ಅಲ್ಲಿಗೆ ಹೋಗಿ ನೋಡಿ ಬಂದು, ನಮ್ಮ ಮಕ್ಕಳಿಗೂ ನಮ್ಮ ಮಾತಿಗೂ ಹೊಂದುವಂತೆ ಕಾರ್ಡುಗಳನ್ನು ತಾವೇ ತಯಾರಿಸಿದರು. ೨೦೦೯-೧೦ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೂ, ಬಳಿಕ ಮೂರನೆಯ ತರಗತಿಗೂ ವಿಸ್ತರಿಸಲಾಯಿತು.

ಇದರ ಕ್ರಮ ಸರಳವಾದುದು. ವರ್ಷದ ಪಾಠವನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಒಂದು ಏಣಿಯಂತೆ ಗೋಡೆಯ ಮೇಲೆ ತೋರಿಸಿರುತ್ತಾರೆ. ಇದಕ್ಕೆ ಕಲಿಕಾ ಏಣಿ ಎಂದು ಹೆಸರು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಕಾರ್ಡಿನ ಮೇಲೆ ಪ್ರಾಣಿಯದೋ ಪಕ್ಷಿಯದೋ ಒಂದು ಗುರುತು. ಮಗು ಏಣಿಯ ಬಳಿ ಹೋಗಿ ತಾನು ನಿಂತಿರುವ ಮೆಟ್ಟಿಲನ್ನು ನೋಡುತ್ತದೆ, ಆ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳು ವಯಸ್ಸಿನವಲ್ಲ, ಕೆಲಸದವು. ಹೊಸ ಪಾಠ ಕಲಿಯುವವರು ಮೇಷ್ಟರ ಬಳಿ. ಸ್ವಲ್ಪ ನೆರವು ಬೇಕಾದವರು ಇನ್ನೊಂದು ಕಡೆ. ಜೊತೆಯ ಮಕ್ಕಳ ಸಹಾಯದಿಂದ ಕಲಿಯುವವರು, ತಾವೇ ಅಭ್ಯಾಸ ಮಾಡುವವರು, ಕಲಿತದ್ದನ್ನು ಒಪ್ಪಿಸುವವರು ಬೇರೆ ಬೇರೆ ಕಡೆ.

ಇದರಿಂದ ರೈತರ ಮಕ್ಕಳಿಗೆ ಆಗುವ ದೊಡ್ಡ ಅನುಕೂಲವೆಂದರೆ, ನಾಲ್ಕು ದಿನ ತಪ್ಪಿಸಿಕೊಂಡ ಮಗುವಿನ ಪಾಠ ಕೈಬಿಟ್ಟುಹೋಗುವುದಿಲ್ಲ. ಜ್ವರದಿಂದ ಮಲಗಿದ್ದ ಮಗುವಾಗಲಿ, ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ ತಂದೆತಾಯಿಯ ಜೊತೆ ಹೋಗಿದ್ದ ಹಾಡಿಯ ಮಗುವಾಗಲಿ, ಹಿಂದಿರುಗಿದ ದಿನ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹಳೆಯ ಕ್ರಮದಲ್ಲಿ ಅಂತಹ ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು, ಕೆಲವು ದಿನಗಳಲ್ಲಿ ಶಾಲೆಯನ್ನೇ ಬಿಡುತ್ತಿತ್ತು.

ಆದರೆ ಇದಕ್ಕೊಂದು ಷರತ್ತು ಉಂಟು. ಮಗು ಬಿಟ್ಟುಹೋದ ಮೆಟ್ಟಿಲಿನ ಕಾರ್ಡು ಅದರ ಜಾಗದಲ್ಲಿ ಇರಬೇಕು. ಕಾರ್ಡು ನೆನೆದು ಬೂಷ್ಟು ಹಿಡಿದಿದ್ದರೆ, ಗೆದ್ದಲು ತಿಂದಿದ್ದರೆ, ನೂರು ಕಾರ್ಡುಗಳ ನಡುವೆ ಬೆರೆತುಹೋಗಿದ್ದರೆ ಏಣಿಯ ಮೆಟ್ಟಿಲೇ ಮುರಿದ ಹಾಗೆ. ಮಾಡು ಸೋರದಂತೆ ನೋಡಿಕೊಳ್ಳುವುದು, ಗೆದ್ದಲು ತಡೆಯುವುದು ನಮ್ಮ ಕೈಯಲ್ಲಿರುವ ಕೆಲಸ. ಹೀಗೆ ಪಾಠದಲ್ಲಿಯೂ ನಮ್ಮದೊಂದು ಪಾಲಿದೆ.

ಕೋಣೆ ಹೇಗಿರಬೇಕು?

ಮಗುವಿನ ಎತ್ತರಕ್ಕೆ ಬಗ್ಗಿ ಕುಳಿತು ಕೋಣೆಯನ್ನು ಒಮ್ಮೆ ನೋಡಿ. ಆಗ ಏನು ಸರಿಯಿದೆ, ಏನು ಇಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಕರಿಹಲಗೆಯ ವಿಷಯ ಮೊದಲು. ಮೇಷ್ಟರ ಹಲಗೆಯಲ್ಲದೆ, ಗೋಡೆಯ ಕೆಳಭಾಗದಲ್ಲಿ ಮಕ್ಕಳು ಬರೆಯಲು ತಗ್ಗಿನ ಕರಿಹಲಗೆ ಇರಬೇಕು. ಒಬ್ಬೊಬ್ಬ ಮಗುವಿಗೂ ಒಂದೊಂದು ಪಾಲೆಂದು ಗೆರೆ ಹಾಕಿದರೆ ಜಗಳವಿಲ್ಲ. ಕಿಟಕಿಯ ಬೆಳಕು ಹಲಗೆಯ ಮೇಲೆ ಬಿದ್ದು ಥಳಥಳಿಸಬಾರದು. ಬರೆಯುವ ಮಗುವಿನ ಎಡಗಡೆಯಿಂದ ಬೆಳಕು ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯಲ್ಲಿ ಬರೆಯುವ ಮಗುವನ್ನು ಇನ್ನೊಂದು ಮಗ್ಗುಲಿಗೆ ಕೂರಿಸಬೇಕು.

ಕಾರ್ಡಿನ ತಟ್ಟೆಗಳು ಮಗುವಿನ ಎದೆಯ ಎತ್ತರಕ್ಕಿಂತ ಮೇಲಿರಬಾರದು. ಓದುವ ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಅವು ಗೆದ್ದಲಿಗೆ ಮಾತ್ರ ಉಪಯೋಗ. ಒಂದು ಗಟ್ಟಿ ದಾರವನ್ನು ಗೋಡೆಗೆ ಕಟ್ಟಿ ಪುಸ್ತಕಗಳನ್ನು ಅದರ ಮೇಲೆ ತೆರೆದು ನೇತುಹಾಕಿದರೆ ಮುಖಪುಟ ನೋಡಿಯೇ ಮಗು ಆರಿಸಿಕೊಳ್ಳುತ್ತದೆ. ಮಕ್ಕಳು ಬರೆದ ಚಿತ್ರ, ಮಾಡಿದ ಕೆಲಸಗಳನ್ನು ತೂಗುಹಾಕಲು ನಲಿ-ಕಲಿ ಕೋಣೆಯಲ್ಲಿ ಮೇಲೆ ಒಂದು ಚಪ್ಪರ ಕಟ್ಟುತ್ತಾರೆ. ಇದಕ್ಕೆ ಬೇಕಾದದ್ದು ಸ್ವಲ್ಪ ತಂತಿ, ನಾಲ್ಕು ಮೊಳೆ ಮಾತ್ರ. ದ್ರಾಕ್ಷಿ, ಹೀರೆ ಬಳ್ಳಿಗೆ ಚಪ್ಪರ ಹಾಕಿದವರಿಗೆ ಇದು ಅರ್ಧ ಗಂಟೆಯ ಕೆಲಸ.

ಗುಂಪು ಗುಂಪಿನ ನಡುವೆ ಒಬ್ಬರು ನಡೆದುಹೋಗುವಷ್ಟು ದಾರಿ ಬಿಡಬೇಕು. ರಾಗಿ ಸಾಲಿನ ನಡುವೆ ಕುಂಟೆ ಹಾಯಲು ಜಾಗ ಬಿಡುವುದಿಲ್ಲವೇ, ಹಾಗೆ. ಮುರಿದ ಬೆಂಚು, ಹಳೆಯ ತಗಡು, ಖಾಲಿ ಡಬ್ಬ ಮುಂತಾದವು ಕೋಣೆಯ ಮೂಲೆಯಲ್ಲಿ ಇರಬಾರದು. ಚೇಳು, ಹಾವುಗಳು ಸೇರುವುದು ಅಲ್ಲಿಯೇ.

ಮಳೆಯ ಲೆಕ್ಕದಲ್ಲಿ ಕೆಲಸದ ಹಂಚಿಕೆ

ನಮಗೆ ಮಳೆ ನಕ್ಷತ್ರಗಳ ಲೆಕ್ಕ ಬಾಯಿಪಾಠ. ಆದುದರಿಂದ ಶಾಲೆಯ ಕೆಲಸವನ್ನೂ ಅದೇ ಲೆಕ್ಕದಲ್ಲಿ ಮೂರು ಪಾಲು ಮಾಡಿಕೊಂಡರೆ ನೆನಪಿಡುವುದು ಸುಲಭ.

ಭರಣಿ ಮಳೆಯಲ್ಲಿ, ಎಂದರೆ ಏಪ್ರಿಲ್ ಕೊನೆಯಿಂದ ಮೇ ಹತ್ತರವರೆಗೆ, ಮಾಡು ಮತ್ತು ನೆಲದ ಕೆಲಸ. ಒಂದು ಬೇಸಿಗೆಯ ಮಳೆ ಬಿದ್ದ ಮರುದಿನ ಮುಖ್ಯೋಪಾಧ್ಯಾಯರನ್ನು ಕೇಳಿ ಬೀಗ ತೆಗೆಸಿ ನೋಡಿ. ಎಲ್ಲಿ ಸೋರಿದೆಯೋ ಅಲ್ಲಿ ಇದ್ದಿಲಿನಿಂದ ಗುರುತು ಹಾಕಿ. ಮಂಗಳೂರು ಹೆಂಚಿನ ಮಾಡಾದರೆ ಒಡೆದ ಹೆಂಚನ್ನು ಬದಲಾಯಿಸಿ, ಸರಿದದ್ದನ್ನು ಕೂರಿಸಬೇಕು. ತಾರಸಿಯಾದರೆ ನೀರು ಹೋಗುವ ಕೊಳವೆಯ ಬಾಯಲ್ಲಿ ಸೇರಿದ ಎಲೆ ಕಸವನ್ನು ತೆಗೆಯುವುದೇ ಅರ್ಧ ರಿಪೇರಿ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಒಂದು ಚರಂಡಿ ತೋಡಿ. ಕೋಣೆಯೊಳಗೆ ಮೊದಲು ದೊಡ್ಡವರೇ ಕೋಲು, ಟಾರ್ಚು ಹಿಡಿದು ಹೋಗಬೇಕು. ಜೇನು, ಕಣಜದ ಗೂಡು ಇದ್ದರೆ ಬಲ್ಲವರಿಂದ ತೆಗೆಸಬೇಕು.

ಕೃತ್ತಿಕೆ ಮಳೆಯಲ್ಲಿ, ಮೇ ಹನ್ನೊಂದರಿಂದ ಇಪ್ಪತ್ತನಾಲ್ಕರ ಸುಮಾರಿಗೆ, ಗೋಡೆ ಮತ್ತು ಹಲಗೆ. ಸುಣ್ಣ ಹೊಡೆಯುವ ಮುನ್ನ ಗೋಡೆಯನ್ನು ಚೆನ್ನಾಗಿ ಗುಡಿಸಿ, ಕಿತ್ತುಬಂದ ಗಾರೆಯನ್ನು ಮೆತ್ತಬೇಕು. ಏಣಿಯ ಚಿತ್ರ, ನಕ್ಷೆ, ಕರಿಹಲಗೆಗಳಿಗೆ ಹಳೆಯ ಕಾಗದ ಹೊದಿಸಬೇಕು. ಸುಟ್ಟ ಸುಣ್ಣವನ್ನು ನೆನೆಯಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಒಂದು ರಾತ್ರಿ ನೆನೆದ ಮೇಲೆ ಬಟ್ಟೆಯಲ್ಲಿ ಸೋಸಿ, ಅಂಟಿಕೊಳ್ಳಲು ಸ್ವಲ್ಪ ಅನ್ನದ ಗಂಜಿ ಬೆರೆಸಿ, ತೆಳುವಾಗಿ ಎರಡು ಸಲ ಬಳಿಯಬೇಕು. ದಪ್ಪವಾಗಿ ಒಂದೇ ಸಲ ಬಳಿದರೆ ಸಿಪ್ಪೆ ಏಳುತ್ತದೆ. ಈ ಕೆಲಸದ ಹತ್ತಿರ ಮಕ್ಕಳನ್ನು ಬಿಡಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳವಾಗಿ ತಣ್ಣೀರಿನಿಂದ ತೊಳೆಯುತ್ತ ಇದ್ದು, ಆಸ್ಪತ್ರೆಗೆ ಕರೆದೊಯ್ಯಬೇಕು.

ಕರಿಹಲಗೆ ನುಣುಪಾಗಿ ಹೊಳೆಯುತ್ತಿದ್ದರೆ ಅದರ ಮೇಲೆ ಸೀಮೆಸುಣ್ಣ ಹತ್ತುವುದಿಲ್ಲ. ಉಪ್ಪು ಕಾಗದದಿಂದ ತಿಕ್ಕಿ ಹೊಳಪು ತೆಗೆದು, ಒರೆಸಿ, ಕರಿಹಲಗೆಯ ಬಣ್ಣ ಬಳಿದು ಎರಡು ಮೂರು ದಿನ ಒಣಗಲು ಬಿಡಬೇಕು. ಬರೆಯುವ ಮುನ್ನ ಸೀಮೆಸುಣ್ಣವನ್ನು ಅಡ್ಡಲಾಗಿ ಹಿಡಿದು ಹಲಗೆಯ ಮೇಲೆಲ್ಲ ಉಜ್ಜಿ ಒಮ್ಮೆ ಒರೆಸಿದರೆ, ಮೊದಲು ಬರೆದ ಅಕ್ಷರ ಹಲಗೆಯ ಮೇಲೆ ಉಳಿದುಹೋಗುವುದಿಲ್ಲ.

ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಒಳಗಿನ ಜೋಡಣೆ. ಬೀರುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿ, ಕಾಲಿನ ಕೆಳಗೆ ಇಟ್ಟಿಗೆ ಇಡಿ. ಆಗ ಥಂಡಿ ಹತ್ತುವುದಿಲ್ಲ, ಗೆದ್ದಲು ಏರಿದರೂ ಕಣ್ಣಿಗೆ ಬೀಳುತ್ತದೆ. ಪುಸ್ತಕ, ಕಾರ್ಡುಗಳನ್ನು ಬಿಸಿಲು ಸುಳಿಯುವ ಜಗುಲಿಯಲ್ಲಿ ಗಾಳಿಗೆ ಹಾಕಿ, ಒಣಗಿದ ಬೇವಿನ ಸೊಪ್ಪನ್ನು ನಡುವೆ ಇಟ್ಟು ಜೋಡಿಸಬಹುದು. ಯಾವ ಕಾರ್ಡು ಯಾವ ತಟ್ಟೆಗೆ ಎಂಬುದನ್ನು ಮೇಷ್ಟರೇ ಹೇಳಬೇಕು. ಅವರು ಹೇಳಿದಂತೆ ಎಣಿಸಿ, ಹರಿದದ್ದು, ಕಾಣೆಯಾದದ್ದರ ಪಟ್ಟಿ ಮಾಡಲು ಊರಿನ ಓದಿದ ಯುವಕ ಯುವತಿಯರು ನೆರವಾಗಬಹುದು. ಸ್ವಿಚ್ಚು, ತಂತಿಗಳನ್ನು ಬಲ್ಲವರಿಂದ ನೋಡಿಸಿ. ನೀರಿನ ತೊಟ್ಟಿಯನ್ನು ಪಂಚಾಯತಿಯ ವಾಟರ್‌ಮ್ಯಾನ್ ಮೂಲಕ ತೊಳೆಸಿ, ಶೌಚಾಲಯಕ್ಕೆ ನೀರು ಬರುವುದೇ ಎಂದು ನೋಡಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕೇ ಬೇಕು.

ಒಂದು ಮುಖ್ಯ ಎಚ್ಚರಿಕೆ. ರಜದಲ್ಲಿ ಖಾಲಿಯಿದೆಯೆಂದು ಶಾಲೆಯ ಕೋಣೆಯಲ್ಲಿ ಗೊಬ್ಬರದ ಮೂಟೆ, ಕೀಟನಾಶಕದ ಡಬ್ಬ, ಹೊಗೆಸೊಪ್ಪಿನ ಹೊರೆ ಇಡಲೇಬಾರದು. ಮೂಟೆ ತೆಗೆದರೂ ನೆಲದ ಮೇಲೆ ಉದುರಿದ ಪುಡಿ ಉಳಿಯುತ್ತದೆ. ಅದೇ ನೆಲದ ಮೇಲೆ ಮಕ್ಕಳು ಕುಳಿತು, ಅದೇ ಕೈಯಲ್ಲಿ ಬಿಸಿಯೂಟ ಉಣ್ಣುತ್ತಾರೆ.

ಮೊದಲ ಹದಿನೈದು ದಿನ

ಕೋಣೆ ಸಿದ್ಧವಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಆ ಕೋಣೆಯಲ್ಲಿ ನಡೆದುಕೊಳ್ಳುವುದನ್ನು ಮಕ್ಕಳಿಗೆ ಕಲಿಸುವುದು. ಏಣಿಯನ್ನು ನೋಡುವುದು ಹೇಗೆ, ತೆಗೆದ ಕಾರ್ಡನ್ನು ಅದೇ ತಟ್ಟೆಯಲ್ಲಿ ಇಡುವುದು ಹೇಗೆ, ಮೇಷ್ಟರು ಇನ್ನೊಂದು ಗುಂಪಿನಲ್ಲಿ ಇರುವಾಗ ಯಾರನ್ನು ಕೇಳಬೇಕು, ನೀರು ಕುಡಿಯಲು ಹೋಗುವ ಕ್ರಮ ಯಾವುದು ಎಂಬುದನ್ನೆಲ್ಲ ಜಾಣ ಮೇಷ್ಟರು ಮೊದಲ ಹದಿನೈದು ದಿನಗಳಲ್ಲಿಯೇ ಅಭ್ಯಾಸ ಮಾಡಿಸುತ್ತಾರೆ. ಗುಡಿಸುವುದು, ಹಲಗೆ ಒರೆಸುವುದು, ಪುಸ್ತಕ ಹಂಚುವುದು ಮುಂತಾದ ಸಣ್ಣ ಕೆಲಸಗಳನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ, ಜಾತಿಯ ಭೇದವಿಲ್ಲದೆ, ಸರದಿಯಂತೆ ಎಲ್ಲರಿಗೂ ವಹಿಸಬೇಕು. ಗುಡಿಸುವ ಕೆಲಸ ಯಾವಾಗಲೂ ಒಂದೇ ಕೇರಿಯ ಮಕ್ಕಳ ಪಾಲಿಗೆ ಬರುತ್ತಿದ್ದರೆ ಊರಿನ ಹಿರಿಯರು ಅದನ್ನು ತಡೆಯಬೇಕು.

ಈ ಹದಿನೈದು ದಿನಗಳೇ ಹೊಗೆಸೊಪ್ಪು ನಾಟಿಯ ದಿನಗಳೂ ಆಗಿರುವುದು ನಮ್ಮ ಕಡೆಯ ತೊಡಕು. ಸಸಿ ಎತ್ತಿಕೊಡಲು, ನೀರು ಹಾಕಲು, ಕೂಸನ್ನು ನೋಡಿಕೊಳ್ಳಲು ಒಂದು ವಾರ ಮಗು ಮನೆಯಲ್ಲಿರಲಿ ಎಂದು ಅನಿಸುವುದು ಸಹಜ. ಕೂಲಿಯಾಳು ಸಿಗುವ ಕಷ್ಟ ಎಲ್ಲರಿಗೂ ಗೊತ್ತು. ಆದರೆ ಪಾಠ ತಪ್ಪಿದರೆ ಏಣಿಯಲ್ಲಿ ಅದನ್ನು ಮತ್ತೆ ಹಿಡಿಯಬಹುದು. ಕೋಣೆಯ ಕ್ರಮವನ್ನು ಎಲ್ಲರೂ ಕೂಡಿ ಕಲಿಯುವ ದಿನಗಳು ತಪ್ಪಿದರೆ ಮಗು ವರ್ಷವೆಲ್ಲ ಹೊಸಬನಂತೆ ಇರುತ್ತದೆ. ಮುಯ್ಯಾಳಿನ ಪದ್ಧತಿ ಇರುವ ಕಡೆ ನಾಲ್ಕು ಮನೆಯವರು ಸೇರಿ ನಾಟಿ ಮಾಡಿಕೊಂಡರೆ ಮಕ್ಕಳನ್ನು ನಿಲ್ಲಿಸಿಕೊಳ್ಳಬೇಕಾಗಿಲ್ಲ. ಮುಂದೆ ಎಲೆ ಮುರಿಯುವ ಕಾಲದಲ್ಲಂತೂ ಮಕ್ಕಳನ್ನು ಸೇರಿಸಲೇಬಾರದು. ಹಸಿ ಎಲೆಯ ನಿಕೋಟಿನ್ ವಿಷ ಚರ್ಮದ ಮೂಲಕ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಎಲೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಎಳೆಯ ಮೈ ಅದನ್ನು ತಡೆಯಲಾರದು.

ಈ ಕೆಲಸದ ಹೊಣೆ ಯಾರದು?

ಶಾಲೆ ಸರ್ಕಾರದ್ದು, ರಿಪೇರಿಯೂ ಸರ್ಕಾರದ್ದೇ ಎಂದು ಹೇಳುವವರು ಉಂಟು. ಕಟ್ಟಡ ಬಿರುಕುಬಿಟ್ಟಿದ್ದರೆ, ತೊಲೆ ಕುಸಿದಿದ್ದರೆ ಅದು ಖಂಡಿತವಾಗಿ ಸರ್ಕಾರದ ಕೆಲಸ. ಅಂತಹ ಕೋಣೆಯಲ್ಲಿ ಮಕ್ಕಳನ್ನು ಕೂರಿಸದೆ ಪಂಚಾಯತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಬರೆದು ಕೊಡಬೇಕು. ಬರೆದುದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಆದರೆ ಎಲೆ ತೆಗೆಯಲು, ಹೆಂಚು ಸರಿಪಡಿಸಲು, ತಂತಿ ಕಟ್ಟಲು ಮೈಸೂರಿನಿಂದ ಯಾರೂ ಬರಬೇಕಾಗಿಲ್ಲ.

ಇದಕ್ಕಾಗಿಯೇ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಕರ್ನಾಟಕದಲ್ಲಿ ಈ ಸಮಿತಿಗಳು ೨೦೦೧ರಲ್ಲಿ ಪ್ರಾರಂಭವಾದವು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ನೂರಕ್ಕೆ ೭೫ರಷ್ಟು ಜನ ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿಯ ಯೋಜನೆ ತಯಾರಿಸುವುದು, ಬಂದ ಅನುದಾನ ಸರಿಯಾಗಿ ಖರ್ಚಾಗುವುದೇ ಎಂದು ನೋಡುವುದು ಸಮಿತಿಯ ಕರ್ತವ್ಯ. ಏಪ್ರಿಲ್ ತಿಂಗಳಲ್ಲಿಯೇ ಒಂದು ಸಭೆ ಸೇರಿ, ಸುಣ್ಣ ಬಣ್ಣಕ್ಕೆ ಅನುದಾನದಿಂದ ಎಷ್ಟು, ಊರಿನವರ ಶ್ರಮದಾನದಿಂದ ಎಷ್ಟು ಎಂದು ನಿಶ್ಚಯಿಸಿ ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಸಭೆಯಲ್ಲಿ ತಾಯಂದಿರ ಮಾತು ಕೇಳಿ. ನೀರು, ಶೌಚಾಲಯ, ಮಗು ಮನೆಗೆ ಬಂದು ಹೇಳುವ ಕಷ್ಟ ಸುಖ ಅವರಿಗೆ ಹೆಚ್ಚು ತಿಳಿದಿರುತ್ತದೆ.

ಲೆಕ್ಕ ಹಾಕಿದರೆ, ಮನೆಗೆ ಒಬ್ಬರಂತೆ ಬಂದರೆ ಎರಡು ಕೋಣೆಯ ಶಾಲೆಗೆ ಮೂರು ಬೆಳಗಿನ ಕೆಲಸ: ಭರಣಿಯಲ್ಲಿ ಒಂದು, ಕೃತ್ತಿಕೆಯಲ್ಲಿ ಒಂದು, ರೋಹಿಣಿಯ ಮುಂದೆ ಒಂದು. ಸಸಿಮಡಿಗೆ ನಾವು ಎಷ್ಟು ಜತನ ಮಾಡುತ್ತೇವೆ! ಮಣ್ಣು ಜರಡಿ ಹಿಡಿಯುತ್ತೇವೆ, ನೆರಳು ಕಟ್ಟುತ್ತೇವೆ, ಹೊತ್ತು ಹೊತ್ತಿಗೆ ನೀರು ಚಿಮುಕಿಸುತ್ತೇವೆ. ಆ ಸಸಿ ಹೊಲದಲ್ಲಿ ನಿಲ್ಲುವುದು ನಾಲ್ಕು ತಿಂಗಳು. ನಮ್ಮ ಮಕ್ಕಳು ಆ ಕೋಣೆಯಲ್ಲಿ ಕುಳಿತು ಕಲಿಯುವ ಓದು ಬರಹ, ಲೆಕ್ಕ ಅವರ ಜೀವಮಾನಕ್ಕೆ ಸಾಲಬೇಕು. ಈ ಸಲ ಮುಖ್ಯೋಪಾಧ್ಯಾಯರ ಬಳಿ ಹೋಗಿ ಬೀಗದ ಕೈ ಕೇಳಿ, ಮೊದಲ ಬೆಳಗಿನ ದಿನವನ್ನು ಗೊತ್ತುಮಾಡಿಕೊಳ್ಳಿರೆಂದು ಪ್ರತಿ ಗ್ರಾಮದ ಹಿರಿಯರಲ್ಲೂ ತಾಯಂದಿರಲ್ಲೂ ವಿನಂತಿ.